ಕಣ್ಣನ್ನೇ ಶಂಕಿಸುವಂತೆ ಮಾಡುವ ಗಾಜು

(ಹೈದರಾಬಾದಿನ ಬೇಗಂಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ಪಂಪನೋ ವಚನಕಾರರೋ ಇರಬೇಕು ಎಂದುಕೊಂಡು ಬಂದವರಲ್ಲಿ ಕೆಲವರು ಆಹ್ವಾನ ಪತ್ರಿಕೆ ನೋಡಿ ಹುಬ್ಬೇರಿಸಿದರೆಂದು ಸಂಘಟಕರು ಹೇಳಿದರು. ಆನ್‌ಲೈನ್ ಪೇಟೆಯಲ್ಲಿ ನಕಲಿ ಎಂದು ಗೊತ್ತಿಲ್ಲದೆ ಕೊಳ್ಳುವ ಬಂದೂಕಿನ ಸ್ಕೋಪು, ಬೈನಾಕ್ಯುಲರು, ದೂರದರ್ಶಕಗಳ ಬಗ್ಗೆ ಒಂದು ಗಂಟೆ ಮಾತನಾಡುವುದು ಯಾಕೆ? ವಿಷಯ ಆರಿಸಿದ್ದು ನಾನೇ. ಬೇಗಂಪೇಟೆಯಲ್ಲಿ ನಿಂತು ಮಸೂರದ ವಿಚಾರ ಎತ್ತದೆ ಇರುವುದು ಕಷ್ಟ.

ಇಲ್ಲಿಂದ ಸ್ವಲ್ಪ ದೂರದಲ್ಲಿ, ಹಳೆಯ ವಿಮಾನ ನಿಲ್ದಾಣದ ಪಕ್ಕ, ಸರ್ ರೊನಾಲ್ಡ್ ರಾಸ್ ಹೆಸರಿನ ಪರೋಪಜೀವಿ ವಿಜ್ಞಾನ ಸಂಸ್ಥೆ ಇದೆ. 1897ರ ಆಗಸ್ಟ್ 20ರಂದು ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು ಇಲ್ಲಿ. ಹುಸೇನ್ ಖಾನ್ ಎಂಬ ರೋಗಿಗೆ ಒಂದು ಸೊಳ್ಳೆ ಕಚ್ಚಿಸಿಕೊಂಡರೆ ಒಂದು ಆಣೆಯಂತೆ ಕೊಟ್ಟು, ಆ ಸೊಳ್ಳೆಗಳನ್ನು ಒಂದೊಂದಾಗಿ ಕೊಯ್ದು ನೋಡಿದ. ಸೆಕೆಗೆ ಪಂಖಾ ಹಾಕಿದರೆ ಕೊಯ್ದದ್ದು ಹಾರಿಹೋಗುತ್ತದೆ. ಹಣೆಯಿಂದ, ಕೈಯಿಂದ ಇಳಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಕಣ್ಣುಮಸೂರವೂ ಬಿರುಕು ಬಿಟ್ಟಿತ್ತು ಎಂದು ಅವನೇ ಬರೆದಿಟ್ಟಿದ್ದಾನೆ. ಅದೇ ಬಿರುಕಿನ ಗಾಜಿನಿಂದ ಕಂಡದ್ದಕ್ಕೆ 1902ರಲ್ಲಿ ನೊಬೆಲ್ ಬಂತು. ನಮ್ಮ ಬೆಂಗಳೂರಿಗೂ ಅವನ ನಂಟಿದೆ. ಅಲ್ಲಿ ಸೇನೆಯ ವೈದ್ಯನಾಗಿದ್ದಾಗಲೇ, ಮನೆ ಹತ್ತಿರದ ತೊಟ್ಟಿಯ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಅವನು ಗಮನಿಸಿದ್ದ.

ಇನ್ನೊಂದು ಗಾಜು ಇದಕ್ಕಿಂತ ದೊಡ್ಡದು. ನವಾಬ್ ಜಫರ್ ಜಂಗ್ ಎಂಬ ಶ್ರೀಮಂತ ಇಂಗ್ಲೆಂಡಿನಿಂದ ಗ್ರಬ್ ಕಂಪನಿಯ 15 ಅಂಗುಲದ ದೂರದರ್ಶಕ ತರಿಸಿ, 1901ರಲ್ಲಿ ಫಿಸಲ್‌ಬಂಡಾದ ತನ್ನ ಜಾಗದಲ್ಲಿ ವೀಕ್ಷಣಾಲಯ ಶುರುಮಾಡಿದ. ಅವನ ನಂತರ ಅದು ನಿಜಾಮರ ಸರ್ಕಾರದ ಕೈಗೆ ಬಂತು, ಬೇಗಂಪೇಟೆಗೆ ಸ್ಥಳಾಂತರವಾಯಿತು, ನಿಜಾಮಿಯಾ ವೀಕ್ಷಣಾಲಯ ಎಂದು ಹೆಸರಾಯಿತು. ಕುಕ್ ಕಂಪನಿಯ 8 ಅಂಗುಲದ ಛಾಯಾಗ್ರಾಹಕ ದೂರದರ್ಶಕದಿಂದ ಇಲ್ಲಿಯವರು ‘ಕಾರ್ತ್ ದ್ಯು ಸಿಯೆಲ್’ ಎಂಬ ಅಂತರರಾಷ್ಟ್ರೀಯ ಆಕಾಶ ನಕ್ಷೆಗೆ ಕೈಜೋಡಿಸಿದರು. ದಕ್ಷಿಣ ಆಕಾಶದ 17 ಡಿಗ್ರಿಯಿಂದ 23 ಡಿಗ್ರಿವರೆಗಿನ ಪಟ್ಟಿ ಈ ಊರಿನ ಪಾಲಿಗೆ ಬಂದಿತ್ತು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು ಅವರ ತಂದೆ ಇದೇ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಮಗ ಆಕಾಶ ನೋಡಲು ಕಲಿತದ್ದು ಈ ಗಾಜುಗಳ ನೆರಳಲ್ಲಿ.

ಆ ಕಾಲದಲ್ಲಿ ದೂರದರ್ಶಕ ಕೊಳ್ಳುವುದು ಹೇಗಿತ್ತು? ಮಾಡಿದವನ ಹೆಸರು ಗೊತ್ತು, ಊರು ಗೊತ್ತು. ತಕರಾರಿದ್ದರೆ ಅವನಿಗೇ ಕಾಗದ ಬರೆಯಬಹುದು. ಸಣ್ಣ ಉಪಕರಣಗಳಿಗೆ ಲಂಡನ್ ಬಳಿಯ ಕ್ಯೂ ವೀಕ್ಷಣಾಲಯದಲ್ಲಿ ಪರೀಕ್ಷೆ ಇತ್ತು. ಉಷ್ಣಮಾಪಕ, ಸೆಕ್ಸ್‌ಟಂಟ್, ದೂರದರ್ಶಕಗಳನ್ನು ಅಳೆದು, ಪಾಸಾದವಕ್ಕೆ ಕೆ ಮತ್ತು ಒ ಅಕ್ಷರಗಳನ್ನು ಹೆಣೆದ ಪುಟ್ಟ ಗುರುತು ಕೆತ್ತುತ್ತಿದ್ದರು. ಕೊಳ್ಳುವವನಿಗೂ ಮಾರುವವನಿಗೂ ಸಂಬಂಧವಿಲ್ಲದ ಮೂರನೆಯ ಕಣ್ಣೊಂದು ನಡುವೆ ಇತ್ತು.

ಹಾಗೆಂದು ಆಗ ನಕಲಿ ಇರಲಿಲ್ಲ ಎಂದಲ್ಲ. ಹಳೆಯ ಕಾಲವನ್ನು ಹೊಗಳುವ ಚಟ ನನಗಿಲ್ಲ. 18ನೆಯ ಶತಮಾನದಲ್ಲಿ ಡಾಲಂಡ್ ಎಂಬ ಲಂಡನ್ ಮನೆತನ ದೂರದರ್ಶಕಕ್ಕೆ ಹೆಸರುವಾಸಿಯಾದದ್ದೇ ತಡ, ಆ ಹೆಸರಿನ ಒಂದು ಅಕ್ಷರ ಬದಲಿಸಿ ಕೆತ್ತಿದ ಕೊಳವೆಗಳು ಪೇಟೆಗೆ ಬಂದವು. ಇವತ್ತು ಜುಮೇರಾತ್ ಬಜಾರಿನಂಥ ಹಳೆ ಸಾಮಾನಿನ ಸಂತೆಯಲ್ಲಿ ಹಿತ್ತಾಳೆಯ ದೂರದರ್ಶಕ ಕಂಡರೆ ತಿರುಗಿಸಿ ನೋಡಿ. ‘ವಿಕ್ಟೋರಿಯನ್ ಮರೈನ್ ಟೆಲಿಸ್ಕೋಪ್, ಲಂಡನ್, 1915’ ಎಂದು ಇಂಗ್ಲಿಷಿನಲ್ಲಿ ಕೆತ್ತಿರುವುದು ಸಿಕ್ಕರೂ ಸಿಗಬಹುದು. ಲೋಕದಾದ್ಯಂತ ಈ ಬರಹದ ಕೊಳವೆಗಳು ಓಡಾಡುತ್ತಿವೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ರೂರ್ಕಿಯ ಕುಶಲಕರ್ಮಿಗಳು ಇಂಥ ಹಿತ್ತಾಳೆ ಉಪಕರಣಗಳನ್ನು ಅಲಂಕಾರಕ್ಕೆಂದು ಮಾಡಿ ಅಲಂಕಾರವೆಂದೇ ಮಾರುತ್ತಾರೆ. ಕೈ ಬದಲಾಗುತ್ತ ಹೋದಂತೆ ಅದು ‘ಅಜ್ಜನ ಕಾಲದ್ದು’ ಆಗಿಬಿಡುತ್ತದೆ. ಮನೆಯ ಷೋಕೇಸಿನಲ್ಲಿ ಕೂರುವ ಕೊಳವೆಯಿಂದ ಯಾರಿಗೂ ದೊಡ್ಡ ನಷ್ಟವಿಲ್ಲ. ನಷ್ಟ ಶುರುವಾಗುವುದು, ನೋಡಲೆಂದೇ ಕೊಂಡ ಗಾಜು ನೋಡಲು ಬಿಡದಿದ್ದಾಗ.

ಈ ಮೇಜಿನ ಮೇಲೆ ಇರುವುದನ್ನು ಒಮ್ಮೆ ನೋಡಿ. ಅಂಗೈಯಲ್ಲಿ ಮಡಚಿಡಬಹುದಾದ ಬೈನಾಕ್ಯುಲರು. ಮೇಲೆ ಹೆಸರಾಂತ ಕಂಪನಿಯ ಮುದ್ರೆ, ಕೆಳಗೆ ‘30x60’ ಎಂಬ ಅಂಕಿ. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದಕ್ಕೆ, ಎರಡನೆಯದು ಮುಂದಿನ ಮಸೂರದ ಅಗಲ ಎಷ್ಟು ಮಿಲಿಮೀಟರು ಎಂಬುದಕ್ಕೆ. ಹಾಗಾದರೆ ಮುಂದಿನ ಗಾಜು 6 ಸೆಂಟಿಮೀಟರು ಅಗಲ ಇರಬೇಕು. ಶಾಲೆಯ ಮಕ್ಕಳ ಸ್ಕೇಲು ಇಟ್ಟರೆ 25 ಮಿಲಿಮೀಟರು. ಈಗ ಇದನ್ನು ಕಣ್ಣಿನಿಂದ ಒಂದಡಿ ದೂರ ಹಿಡಿದು ಕಿಟಕಿಯ ಬೆಳಕಿನ ಕಡೆ ತಿರುಗಿಸಿ. ಕಣ್ಣಿಡುವ ಗಾಜಿನಲ್ಲಿ ಒಂದು ಬಿಳಿಯ ಚುಕ್ಕಿ ತೇಲುತ್ತದೆ. ಮುಂದಿನ ಮಸೂರದ ಅಗಲವನ್ನು ಆ ಚುಕ್ಕಿಯ ಅಗಲದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಇದರ ಚುಕ್ಕಿ ಸುಮಾರು 3 ಮಿಲಿಮೀಟರು. ಅಂದರೆ ಎಂಟು ಪಟ್ಟು, ಮೂವತ್ತಲ್ಲ. ಇನ್ನು ಈ ಮಾಣಿಕ್ಯದ ಬಣ್ಣದ ಲೇಪ, ‘ರಾತ್ರಿಯಲ್ಲೂ ಕಾಣುತ್ತದೆ’ ಎಂದು ಜಾಹೀರಾತಿನಲ್ಲಿ ಹೇಳುವುದು ಇದಕ್ಕೇ. ಕೆಂಪಾಗಿ ಹೊಳೆಯುತ್ತದೆ ಎಂದರೆ ಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತಿದೆ ಎಂದರ್ಥ. ಒಳಗೆ ಬರುವ ಚಿತ್ರ ಹಸಿರು ಬಡಿದಂತೆ ಮಂಕಾಗಿರುತ್ತದೆ. ಒಳ್ಳೆಯ ಲೇಪದ ಕೆಲಸ ಬೆಳಕನ್ನು ಒಳಗೆ ಬಿಡುವುದು, ಹೊರಗೆ ಮಿನುಗುವುದಲ್ಲ.

ಇದನ್ನು ಪತ್ತೆಹಚ್ಚಲು ಸ್ಕೇಲು ಸಾಕಾಯಿತು. ಬಂದೂಕಿನ ಸ್ಕೋಪಿಗೆ ಸಾಕಾಗುವುದಿಲ್ಲ.

ನಮ್ಮಲ್ಲಿ ಬಂದೂಕು ಎಂದರೆ ಯಾರು ಕೊಳ್ಳುತ್ತಾರೆ ಎಂದು ಕೇಳಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್‌ಗಿಂತ ಕಡಿಮೆ ಶಕ್ತಿಯ, .177 ಅಂಗುಲದ ಸಣ್ಣ ನಳಿಗೆಯ ಏರ್‌ಗನ್ನಿಗೆ ಪರವಾನಗಿ ಬೇಡ. ಹಾಗಾಗಿ ಫಾರ್ಮ್‌ಹೌಸಿನಲ್ಲಿ ಡಬ್ಬ ಇಟ್ಟು ಗುರಿ ಅಭ್ಯಾಸ ಮಾಡುವ ಹುಡುಗರಿಂದ ನಿವೃತ್ತ ಅಧಿಕಾರಿಗಳವರೆಗೆ ಅದನ್ನು ಕೊಳ್ಳುತ್ತಾರೆ. ಈ ಊರಿನ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಕಂಚು ಗೆದ್ದ ಮೇಲೆ ಈ ಹುಚ್ಚು ಇನ್ನಷ್ಟು ಮನೆಗಳಿಗೆ ಹೊಕ್ಕಿತು. (ಆ ಸ್ಪರ್ಧೆಯಲ್ಲಿ ಸ್ಕೋಪೇ ಇಲ್ಲ, ಸಣ್ಣ ತೂತಿನ ಮೂಲಕ ಗುರಿ ನೋಡುವುದು. ಅಂಗಡಿಯವರು ಇದನ್ನು ಹೇಳುವುದಿಲ್ಲ.) ಕರ್ನಾಟಕದಲ್ಲಂತೂ ಕೊಡಗಿದೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಅಲ್ಲಿನ ಹಿರಿಯರು ಸ್ಕೋಪನ್ನು ನೋಡಿ ನಗುತ್ತಾರೆ, ಅದು ಬೇರೆ ಮಾತು.

ಸ್ಕೋಪಿನ ಒಳಗೆ ಏನಿದೆ? ದೊಡ್ಡ ಕೊಳವೆಯೊಳಗೆ ಸಣ್ಣದೊಂದು ಕೊಳವೆ, ಅದನ್ನು ಒತ್ತಿ ಹಿಡಿದ ಸ್ಪ್ರಿಂಗು, ಮೇಲೊಂದು ಪಕ್ಕಕ್ಕೊಂದು ಗುಬುಟು. ಗುಬುಟು ತಿರುಗಿಸಿದರೆ ‘ಕ್ಲಿಕ್’ ಎಂದು ಒಳಗಿನ ಕೊಳವೆ ಕೂದಲೆಳೆಯಷ್ಟು ಸರಿಯುತ್ತದೆ. ಸಾಮಾನ್ಯ ಸ್ಕೋಪಿನಲ್ಲಿ 25 ಮೀಟರು ದೂರದ ಗುರಿಯ ಮೇಲೆ ನಾಲ್ಕು ಕ್ಲಿಕ್ಕಿಗೆ ಸುಮಾರು 7 ಮಿಲಿಮೀಟರು. ಇಪ್ಪತ್ತು ಕ್ಲಿಕ್ ಮೇಲೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಗೆ, ಇಪ್ಪತ್ತು ಎಡಕ್ಕೆ ತಿರುಗಿಸಿ, ಪ್ರತಿ ಮೂಲೆಯಲ್ಲೂ ಒಂದೊಂದು ಹೊಡೆದರೆ ಕಾಗದದ ಮೇಲೆ ಚೌಕ ಮೂಡಿ, ಕೊನೆಯದು ಮೊದಲಿನ ತೂತಿಗೇ ಬಂದು ಬೀಳಬೇಕು. ನಕಲಿಯಲ್ಲಿ ಕ್ಲಿಕ್ ಸದ್ದು ಚೆನ್ನಾಗಿಯೇ ಬರುತ್ತದೆ. ಒಳಗಿನ ಕೊಳವೆ ಮಾತ್ರ ತನಗೆ ತೋಚಿದಾಗ ಸರಿಯುತ್ತದೆ. ಹತ್ತು ಕ್ಲಿಕ್ಕಿಗೆ ಏನೂ ಆಗದೆ, ಮುಂದಿನ ಹೊಡೆತದ ಕುಲುಕಿಗೆ ಎಲ್ಲ ಒಟ್ಟಿಗೆ ಜಾರಿಬಿಡುತ್ತದೆ. ಸ್ಪ್ರಿಂಗಿನ ಏರ್‌ಗನ್ನಿನ ಒದೆತ ಇನ್ನೂ ಕೆಟ್ಟದು. ಮೊದಲು ಹಿಂದಕ್ಕೆ, ಪಿಸ್ಟನ್ನು ಕೊನೆ ಮುಟ್ಟಿದಾಗ ಮುಂದಕ್ಕೆ, ಎರಡೂ ಕಡೆ ಒದೆಯುತ್ತದೆ. ದೊಡ್ಡ ಬಂದೂಕಿಗೆಂದು ಮಾಡಿದ ಅಸಲಿ ಸ್ಕೋಪುಗಳೇ ಅದಕ್ಕೆ ತಡೆಯದೆ ಒಡೆದಿವೆ. ನಕಲಿಯ ಅಂಟು, ತಿರುಪು ಎಷ್ಟು ದಿನ ತಡೆದೀತು?

ನನ್ನ ಮುಖ್ಯ ಮಾತು ಇಲ್ಲಿದೆ. ನಕಲಿ ಷೂ ಕಿತ್ತುಹೋದರೆ ಷೂ ಕೆಟ್ಟದು ಎಂದು ಬೈಯುತ್ತೇವೆ. ನಕಲಿ ಚಾರ್ಜರು ಸುಟ್ಟರೆ ಚಾರ್ಜರನ್ನು ಬೈಯುತ್ತೇವೆ. ನಕಲಿ ಸ್ಕೋಪು ತಪ್ಪು ತೋರಿಸಿದರೆ ಹುಡುಗ ಬೈದುಕೊಳ್ಳುವುದು ತನ್ನನ್ನೇ. ಉಸಿರು ಹಿಡಿಯಲಿಲ್ಲವೇ, ಕುದುರೆಯನ್ನು ಜೋರಾಗಿ ಎಳೆದೆನೇ, ಕನ್ನಡಕದ ನಂಬರು ಬದಲಾಯಿತೇ ಎಂದು ಯೋಚಿಸುತ್ತಾನೆ. ಪಕ್ಕದಲ್ಲಿ ನಿಂತ ಹಿರಿಯರೂ ‘ಅಭ್ಯಾಸ ಸಾಲದು ಕಣಪ್ಪ’ ಎನ್ನುತ್ತಾರೆ. ಹಕ್ಕಿ ನೋಡಲು ಬೈನಾಕ್ಯುಲರು ಕೊಂಡ ಅಜ್ಜಿ ‘ವಯಸ್ಸಾಯಿತು, ಇನ್ನು ಕಣ್ಣು ಇಷ್ಟೇ’ ಎಂದು ಅದನ್ನು ಮೊಮ್ಮಗನ ಕೈಗೆ ಕೊಟ್ಟುಬಿಡುತ್ತಾಳೆ. ನೋಡುವ ಸಾಧನ ಸುಳ್ಳಾದಾಗ ಅನುಮಾನ ಬೀಳುವುದು ನೋಡುವವರ ಮೇಲೆ. ಇಂಥವರು ದೂರು ಕೊಡುವುದಿಲ್ಲ. ದೂರು ಕಡಿಮೆ ಎಂಬುದನ್ನೇ ಮಾರುವವರು ಮಾಲು ಒಳ್ಳೆಯದು ಎಂಬುದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ನಾಲ್ಕೂವರೆ ನಕ್ಷತ್ರ, ‘ಪ್ಯಾಕಿಂಗ್ ಚೆನ್ನಾಗಿತ್ತು, ಬೇಗ ತಲುಪಿತು.’ ಇದು ಡಬ್ಬ ಬಿಚ್ಚಿದ ದಿನ ಬರೆದ ಅಭಿಪ್ರಾಯ, ಗುರಿ ಹಿಡಿದ ದಿನದ್ದಲ್ಲ.

2017ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಖಗ್ರಾಸ ಸೂರ್ಯಗ್ರಹಣ ಆದಾಗ ಇದರ ಇನ್ನೂ ಭಯದ ರೂಪ ಕಂಡಿತು. ಗ್ರಹಣದ ಕನ್ನಡಕಕ್ಕೆ ಐಎಸ್‌ಒ 12312-2 ಎಂಬ ಮಾನದಂಡವಿದೆ. ಆ ಅಂಕಿಯನ್ನೇ ಅಚ್ಚು ಹಾಕಿಸಿದ ನಕಲಿ ಕನ್ನಡಕಗಳು ಪೇಟೆ ತುಂಬಿದವು. ಅಮೆಜಾನ್ ಗ್ರಹಣಕ್ಕೆ ಕೆಲವೇ ದಿನ ಇರುವಾಗ ಹಲವರಿಗೆ ಹಣ ವಾಪಸು ಮಾಡಿತು. ಮುದ್ರೆಯನ್ನು ನೋಡಿಕೊಳ್ಳಿ ಎಂದು ಹೇಳುತ್ತಿದ್ದ ವಿಜ್ಞಾನಿಗಳು, ಮುದ್ರೆ ಸಾಲದು, ಯಾರಿಂದ ಕೊಂಡಿರಿ ಎಂಬುದನ್ನು ನೋಡಿ ಎಂದು ಮಾತು ಬದಲಿಸಬೇಕಾಯಿತು.

ಮುದ್ರೆ ಅಸಲಿಯಾಗಿದ್ದರೆ ಮಾಲು ಒಳ್ಳೆಯದು ಎಂದೂ ನಾನು ಹೇಳುತ್ತಿಲ್ಲ. ಅಮೆರಿಕದ ಸೇನೆಗೆ ಇಯೋಟೆಕ್ ಎಂಬ ಹೆಸರಿನಲ್ಲಿ ಹಾಲೋಗ್ರಾಫಿಕ್ ಗುರಿಸಾಧನ ಮಾರಿದ ಎಲ್-3 ಕಂಪನಿ, 2015ರಲ್ಲಿ 2.56 ಕೋಟಿ ಡಾಲರು ಕೊಟ್ಟು ಮೊಕದ್ದಮೆಯನ್ನು ರಾಜಿ ಮಾಡಿಕೊಂಡಿತು. ವಿಪರೀತ ಚಳಿ, ವಿಪರೀತ ಬಿಸಿಲಿನಲ್ಲಿ ಗುರಿ ಸರಿಯುತ್ತದೆ ಎಂಬುದು ಗೊತ್ತಿದ್ದೂ ವರ್ಷಗಟ್ಟಲೆ ಮುಚ್ಚಿಟ್ಟರು ಎಂಬುದು ಸರ್ಕಾರದ ಆರೋಪ. ಅದು ಪೂರ್ತಿ ಅಸಲಿ ಮಾಲು. ಆದರೆ ವ್ಯತ್ಯಾಸ ಗಮನಿಸಿ: ಅಲ್ಲಿ ಹಿಡಿಯಲು ಒಂದು ಕಂಪನಿ ಇತ್ತು, ವಿಳಾಸ ಇತ್ತು, ಸಾಮಾನ್ಯ ಗ್ರಾಹಕರಿಗೂ ಹಣ ವಾಪಸು ಸಿಕ್ಕಿತು.

ಬೀದಿಬದಿಯ ವ್ಯಾಪಾರಿಯನ್ನು ನಾನು ಅಷ್ಟಾಗಿ ಬೈಯಲಾರೆ. ಗಡಿಯಾರ ಎತ್ತಿಕೊಂಡು ‘ಅಸಲಿಯಾ?’ ಎಂದರೆ ‘ಫಸ್ಟ್ ಕಾಪಿ ಸಾಬ್’ ಎನ್ನುತ್ತಾನೆ. ಅವನ ಮಾಲು ಸುಳ್ಳು, ಮಾತು ನಿಜ. ಆದರೆ ಫೋನಿನ ಅಂಗೈ ಅಗಲದ ತೆರೆಯ ಮೇಲೆ ಅದೇ ಮಾಲಿಗೆ ಕಂಪನಿಯ ವೆಬ್‌ಸೈಟಿನಿಂದ ಎತ್ತಿದ ಚಿತ್ರ ಅಂಟಿಸಿ ‘ಒರಿಜಿನಲ್’ ಎಂದು ಬರೆಯುತ್ತಾರೆ. ಬೆಲೆಯೂ ತೀರಾ ಅಗ್ಗ ಇರುವುದಿಲ್ಲ. ಅತಿ ಅಗ್ಗವಾದರೆ ಅನುಮಾನ ಬರುತ್ತದೆ ಎಂಬುದು ಮಾರುವವರಿಗೆ ಚೆನ್ನಾಗಿ ಗೊತ್ತು; ಅಸಲಿ ಬೆಲೆಯಲ್ಲಿ ಮುಕ್ಕಾಲು ಪಾಲು ಇಟ್ಟು ‘ಹಬ್ಬದ ರಿಯಾಯಿತಿ’ ಎನ್ನುತ್ತಾರೆ. ಆಸೆಬುರುಕರಿಗೆ ಹೀಗೇ ಆಗಬೇಕು ಎಂಬ ನಮ್ಮ ಹಿರಿಯರ ಮಾತು ಇಲ್ಲಿ ಅನ್ಯಾಯದ ಮಾತು. ಇಲ್ಲಿ ಕೊಳ್ಳುವವನು ಆಸೆಬುರುಕನಲ್ಲ, ಕೇಳಿದಷ್ಟು ಹಣ ಕೊಟ್ಟ ಗಿರಾಕಿ.

ಇನ್ನು ಗೋದಾಮಿನ ಕಥೆ. ಒಂದೇ ಬಾರ್‌ಕೋಡಿನ ಮಾಲನ್ನು ಬೇರೆ ಬೇರೆ ಮಾರಾಟಗಾರರಿಂದ ತಂದು ಒಟ್ಟಿಗೆ ಇಟ್ಟು, ಆರ್ಡರು ಬಂದಾಗ ಹತ್ತಿರ ಸಿಕ್ಕ ಡಬ್ಬ ಕಳಿಸುವ ಪದ್ಧತಿ ಅಮೆರಿಕದಲ್ಲಿ ವರ್ಷಗಟ್ಟಲೆ ಇತ್ತು. ಕಲಬುರಗಿ ಮಂಡಿಯಲ್ಲಿ ಹತ್ತು ಮಂದಿ ರೈತರ ತೊಗರಿಯನ್ನು ಒಂದೇ ರಾಶಿಗೆ ಸುರಿದ ಮೇಲೆ ಕಲ್ಲು ಯಾರ ಚೀಲದಿಂದ ಬಂತು ಎಂದು ಹುಡುಕಿದಂತೆ ಅದು. ಪ್ರಾಮಾಣಿಕ ಮಾರಾಟಗಾರನ ಹೆಸರು ನೋಡಿ ದುಡ್ಡು ಕೊಟ್ಟವನಿಗೂ ಇನ್ಯಾರದೋ ನಕಲಿ ಬರಬಹುದು.

ಭಾರತದಲ್ಲಿ ಕಾನೂನಿನ ದಾರಿ ಬೇರೆ. 2018ರ ಕೊನೆಯಲ್ಲಿ ಹೊರಟು 2019ರ ಫೆಬ್ರುವರಿ 1ರಿಂದ ಜಾರಿಯಾದ ವಿದೇಶಿ ಹೂಡಿಕೆ ನಿಯಮದ ಪ್ರಕಾರ, ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆ ತಾನೇ ಮಾಲು ಇಟ್ಟುಕೊಂಡು ಮಾರುವಂತಿಲ್ಲ. ಜಾಗ ಕೊಡಬಹುದು ಅಷ್ಟೆ. ಸಣ್ಣ ಅಂಗಡಿಯವರನ್ನು ಉಳಿಸಲೆಂದು ಮಾಡಿದ ನಿಯಮ. ನಕಲಿ ಮಾಲಿನ ತಕರಾರು ಬಂದಾಗ ಅದೇ ಗುರಾಣಿಯೂ ಆಗುತ್ತದೆ: ‘ನಾವು ಮಾರಿಲ್ಲ, ಜಾಗ ಕೊಟ್ಟೆವು.’ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಮಧ್ಯವರ್ತಿಗೆ ರಕ್ಷಣೆ ಕೊಡುತ್ತದೆ. ಕ್ರಿಶ್ಚಿಯನ್ ಲೂಬುಟ್ಯಾನ್ ಷೂಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2018ರ ನವೆಂಬರಿನಲ್ಲಿ, ಪ್ಯಾಕಿಂಗು, ಪ್ರಚಾರ, ಸಾಗಣೆ ಎಲ್ಲದರಲ್ಲೂ ಕೈಯಾಡಿಸುವ ಮಾರುಕಟ್ಟೆ ಬರೀ ಮಧ್ಯವರ್ತಿ ಎಂದು ತಪ್ಪಿಸಿಕೊಳ್ಳಲಾಗದು ಎಂಬ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. 2020ರ ಜನವರಿಯಲ್ಲಿ ಆಮ್‌ವೇ ಪ್ರಕರಣದಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ, 79ನೇ ಕಲಮಿನಲ್ಲಿ ಸಕ್ರಿಯ, ನಿಷ್ಕ್ರಿಯ ಎಂಬ ಭೇದವೇ ಇಲ್ಲ ಎಂದಿತು. ವಕೀಲರಿಗೆ ಒಳ್ಳೆಯ ಕಾಲ.

ಗ್ರಾಹಕ ಕಾನೂನು ಇದಕ್ಕಿಂತ ನೇರ. 2022ರ ಆಗಸ್ಟಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಐಎಸ್‌ಐ ಮಾನದಂಡಕ್ಕೆ ಹೊಂದದ ಪ್ರೆಷರ್ ಕುಕ್ಕರುಗಳನ್ನು ಮಾರಲು ಬಿಟ್ಟದ್ದಕ್ಕೆ ಅಮೆಜಾನ್‌ಗೂ ಫ್ಲಿಪ್‌ಕಾರ್ಟ್‌ಗೂ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಅವರಿಗೆ ಕಾಫಿ ಖರ್ಚು. ಮುಖ್ಯವಾದದ್ದು ಆದೇಶದ ಇನ್ನೊಂದು ಭಾಗ: ಅಮೆಜಾನ್ ಮೂಲಕ ಹೋದ 2,265 ಕುಕ್ಕರು, ಫ್ಲಿಪ್‌ಕಾರ್ಟ್ ಮೂಲಕ ಹೋದ 598 ಕುಕ್ಕರು ಕೊಂಡವರಿಗೆಲ್ಲ ತಿಳಿಸಿ, ವಾಪಸು ಪಡೆದು, ಹಣ ಕೊಡಿ ಎಂದಿತು. 2025ರ ಮೇ ತಿಂಗಳಲ್ಲಿ ವಾಕಿಟಾಕಿಗಳ ವಿಷಯದಲ್ಲೂ ಹದಿಮೂರು ಮಾರುಕಟ್ಟೆಗಳಿಗೆ ನೋಟಿಸು ಹೋಯಿತು. ಸ್ಕೋಪಿಗೆ ಹೀಗೆ ಮಾಡುವವರು ಯಾರು? ಕುಕ್ಕರಿಗೆ ಕಡ್ಡಾಯ ಮಾನದಂಡ ಇದೆ, ಸ್ಕೋಪಿಗೆ ಕ್ಯೂ ವೀಕ್ಷಣಾಲಯದಲ್ಲಿ ಇದ್ದಂಥ ಪರೀಕ್ಷೆಯೂ ಇಲ್ಲ, ಅಂಥ ಗುರುತೂ ಇಲ್ಲ.

ಹಾಗಾದರೆ ಕೊಂಡವರು ಏನು ಮಾಡಬೇಕು ಎಂದು ಸಭೆಯ ನಂತರ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿ. ಸೀರಿಯಲ್ ನಂಬರನ್ನು ಕಂಪನಿಗೇ ಬರೆದು ಕೇಳಿ, ‘ಇದು ನಮ್ಮದಲ್ಲ’ ಎಂಬ ಅವರ ಒಂದು ಸಾಲಿನ ಇಮೇಲು ಗ್ರಾಹಕ ಆಯೋಗದ ಮುಂದೆ ದೊಡ್ಡ ದಾಖಲೆ. ವಾಪಸು ಕೊಡುವ ಗಡುವು ಮುಗಿಯುವ ಮೊದಲೇ ಆ ಚೌಕದ ಪರೀಕ್ಷೆ ಮಾಡಿ, ಕಾಗದ ಇಟ್ಟುಕೊಳ್ಳಿ. ಗೋಡೆಗೆ ಒರಗಿಸಿಟ್ಟು ‘ಸಂಕ್ರಾಂತಿಗೆ ಊರಿಗೆ ಹೋದಾಗ ನೋಡೋಣ’ ಎಂದರೆ ಗಡುವು ಕಾಯುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. 5 ಲಕ್ಷದವರೆಗಿನ ಮಾಲಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಮಾರಿದವನು ಯಾವ ರಾಜ್ಯದಲ್ಲಿದ್ದರೂ ಸರಿ, ನೀವು ಹೈದರಾಬಾದ್ ಬಿಟ್ಟು ಹೋಗಬೇಕಿಲ್ಲ.

ಇಷ್ಟೆಲ್ಲ ಆದಮೇಲೂ ಸಾಮಾನ್ಯವಾಗಿ ಆಗುವುದು ಏನೆಂದರೆ, ನೀವು ಸ್ವಲ್ಪ ಜೋರು ಮಾಡಿದರೆ ಹಣ ವಾಪಸು ಬರುತ್ತದೆ, ಕಡತ ಮುಚ್ಚುತ್ತದೆ. ‘ಗ್ರಾಹಕರು ವಾಪಸು ಮಾಡಿದರು’ ಎಂದಷ್ಟೇ ದಾಖಲಾಗುತ್ತದೆ, ‘ನಕಲಿ’ ಎಂದು ಎಲ್ಲೂ ಬರುವುದಿಲ್ಲ. ಆ ಸ್ಕೋಪು ಮತ್ತೆ ಡಬ್ಬ ಸೇರಿ ಇನ್ನೊಬ್ಬರ ಮನೆಗೆ ಹೋಗಲು ಅಡ್ಡಿಯೇನೂ ಇಲ್ಲ. 2020ರ ಇ-ಕಾಮರ್ಸ್ ನಿಯಮಗಳಲ್ಲಿ 5ನೇ ನಿಯಮ ಒಂದಿದೆ. ಟ್ರೇಡ್‌ಮಾರ್ಕ್ ಕಾಯ್ದೆಯಂಥ ಕಾನೂನುಗಳಡಿ ಹಿಂದೆ ತೆಗೆದುಹಾಕಿದ ಮಾಲನ್ನು ಮತ್ತೆ ಮತ್ತೆ ಮಾರಲು ಬರುವ ಮಾರಾಟಗಾರರ ಮಾಹಿತಿಯ ದಾಖಲೆ ಇಡಲು ಮಾರುಕಟ್ಟೆ ಪ್ರಯತ್ನಿಸಬೇಕು ಎನ್ನುತ್ತದೆ ಅದು. ಆ ದಾಖಲೆಯನ್ನು ಕೊಳ್ಳುವವರಿಗೆ ತೋರಿಸಬೇಕು ಎಂದು ಎಲ್ಲೂ ಇಲ್ಲ. ನನ್ನ ಬೇಡಿಕೆ ಎರಡೇ. ಆ ದಾಖಲೆ ಮಾರಾಟಗಾರನ ಹೆಸರಿನ ಪಕ್ಕದಲ್ಲೇ ಸಾರ್ವಜನಿಕವಾಗಿ ಕಾಣಬೇಕು. ನಕಲಿ ಎಂಬ ಕಾರಣಕ್ಕೆ ವಾಪಸು ಬಂದ ಮಾಲು ಗೋದಾಮಿನ ಬಾಗಿಲು ದಾಟಿ ಮತ್ತೆ ಮಾರಾಟಕ್ಕೆ ಹೋಗಬಾರದು, ಹೋಗಲಿಲ್ಲ ಎಂಬುದಕ್ಕೆ ಮಾರುಕಟ್ಟೆಯೇ ಲೆಕ್ಕ ಕೊಡಬೇಕು. ಇದನ್ನು ಗ್ರಾಹಕ ವ್ಯವಹಾರಗಳ ಸಚಿವಾಲಯಕ್ಕೆ ಒಂದು ಮನವಿಯಾಗಿ ಬರೆದು ತಂದಿದ್ದೇನೆ. ಪ್ರತಿಗಳು ಹಿಂದಿನ ಸಾಲಿನ ಮೇಜಿನ ಮೇಲಿವೆ. ಒಪ್ಪಿಗೆಯಾದವರು ಸಹಿ ಹಾಕಿ, ಕೊಂಡು ಮೋಸಹೋದವರಿದ್ದರೆ ಯಾವ ತಿಂಗಳು, ಯಾವ ಮಾಲು ಎಂದು ಸಹಿಯ ಕೆಳಗೇ ಬರೆಯಿರಿ.